ಸುಗ್ಗಿಯಲ್ಲಿ ಫುಟ್‌ಬಾಲ್ ತಂಡ ಓಡಿಸುವುದು

ಸವಣೂರಿನಲ್ಲಿ ನಿಯಾಜ ಅವರನ್ನು ಹುಡುಕುವುದು ಕಷ್ಟವಲ್ಲ. ಬೆಳಿಗ್ಗೆ ಪೇಟೆಯಲ್ಲಿ ವೀಳ್ಯದೆಲೆ ಮಾರುತ್ತಿರುತ್ತಾರೆ, ಸಂಜೆ ಊರಾಚೆಯ ಬಯಲಿನಲ್ಲಿ ಹುಡುಗರನ್ನು ಓಡಿಸುತ್ತಿರುತ್ತಾರೆ. ಎಲೆ ವ್ಯಾಪಾರ ತಂದೆಯಿಂದ ಬಂದದ್ದು, ಫುಟ್‌ಬಾಲ್ ತಾವೇ ಹಚ್ಚಿಕೊಂಡದ್ದು. ತಂಡದವರೂ ಊರವರೂ ಅವರನ್ನು ಕರೆಯುವುದು ಚಾಚಾ ಎಂದೇ.

ಹೋದ ವರ್ಷ ಶಿಗ್ಗಾವಿಯ ಪಂದ್ಯಾವಳಿಯಲ್ಲಿ ಹಿರೇಕೆರೂರಿನ ಎದುರು ಸವಣೂರಿನ ತಂಡ ಮೊದಲಾರ್ಧದಲ್ಲಿ ಮುಂದಿತ್ತು. ವಿರಾಮದ ನಂತರ ಹಿರೇಕೆರೂರಿನವರು ಓಡುತ್ತಿದ್ದರು, ಇವರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು; ಪಂದ್ಯ ಸೋತರು. ಅಂದಿನಿಂದ ಎಲೆ ಕೊಳ್ಳಲು ಬಂದವರೂ ಕೆಣಕತೊಡಗಿದರು.

“ಏನ್ರಿ ಚಾಚಾ, ನಿಮ್ಮ ಹುಡುಗ್ರು ಹಾಫ್‌ಟೈಮ್‌ನ್ಯಾಗ ಉಂಡು ಮಲಕೋತಾರೇನ್ರಿ?”

“ಈ ಸಲಾನೂ ಹಂಗಾದ್ರ ಕೋಚಿಂಗ್ ಬಿಟ್ಟಬಿಡ್ತೇನಿ, ತಗೋರಿ!”

ಪೇಟೆಯಲ್ಲಿ ಆಡಿದ ಮಾತು ಅವರಿಗಿಂತ ಮೊದಲೇ ಮನೆ ಸೇರಿತ್ತು. ಹೆಂಡತಿ ಗುಲ್ನಾರ ಬಾಗಿಲಲ್ಲೇ ಕೇಳಿದರು: “ಸಂಜಿ ಮುಂದ ಮನ್ಯಾಗ ಕುಂತು ನನ್ನ ತಲಿ ತಿನ್ನಾವ್ರೇನು? ಬ್ಯಾಡ್ರಿ, ಹೆಂಗರ ಮಾಡಿ ಆ ಹುಡುಗ್ರನ್ನ ಓಡಸ್ರಿ.”

ಓಡಿಸಿದರು. ಈ ವರ್ಷ ಪಂದ್ಯಾವಳಿ ಹತ್ತಿರ ಬಂದಂತೆ ಬಯಲಿನ ಸುತ್ತು ಹೆಚ್ಚಾಯಿತು, ಕೆರೆಯ ಏರಿ ಹತ್ತಿಳಿಯುವುದೂ ಸೇರಿತು. ಹುಡುಗರು ಗೊಣಗಲಿಲ್ಲ, ಒಬ್ಬರೂ ತಪ್ಪಿಸಲಿಲ್ಲ. ಆದರೂ ವಾರ ಕಳೆದಂತೆ ನಿಧಾನವಾದರು. ತಂಡದಲ್ಲೇ ವೇಗದ ಓಟಗಾರ, ಬಲಬದಿಯಲ್ಲಿ ಆಡುವ ಕೊಟ್ರೇಶನನ್ನು ಒಂದು ಸಂಜೆ ಗೋಲ್‌ಕೀಪರ್ ದಾಟಿ ಹೋದ.

“ಏನಲೇ ಕೊಟ್ರೇಶ, ಗೋಲ್‌ಕೀಪರ್ ಹಿಂದ ಬೀಳೂ ಮಟ್ಟಕ್ಕ ಬಂದೀಯೇನು?”

“ಕಾಲ ಏಳವಲ್ವು ಚಾಚಾ.”

“ಹಗಲೆಲ್ಲಾ ಮಲಗಿದ್ರ ಎಲ್ಲಿ ಏಳತಾವು? ಇನ್ನೊಂದು ಸುತ್ತು ಹೊಡೀರಿ ಎಲ್ಲಾರೂ.”

ನಾಯಕ ಇಮ್ರಾನನಿಗೆ ತಡೆಯಲಾಗಲಿಲ್ಲ. “ಮಲಗೋದೆಲ್ಲಿ ಬಂತು ಚಾಚಾ? ಮುಂಜಾನಿಂದ ನಮ್ಮ ಜಗದೀಶನ ಹೊಲದಾಗ ತೆನಿ ಮುರದು, ಚೀಲಾ ಹೊತ್ತು ಬಂದೇವಿ.”

ಅದು ಗೋವಿನಜೋಳದ ಸುಗ್ಗಿ. ಪೀಕು ಮನೆ ಸೇರುವ ತನಕ ಚೆಂಡು ಮುಟ್ಟಬೇಡ ಎಂದಿದ್ದರು ಕೊಟ್ರೇಶನ ತಂದೆ. ಅವನು ಅಭ್ಯಾಸ ತಪ್ಪಿಸಿಕೊಳ್ಳಬಾರದೆಂದು ಇಡೀ ತಂಡ ಅವನ ಹೊಲಕ್ಕಿಳಿದು ಕೆಲಸ ಮುಗಿಸಿಕೊಟ್ಟಿತು. ಮುಯ್ಯಾಳು ಎಂದ ಮೇಲೆ ತಿರುಗಿ ದುಡಿಯಲೇಬೇಕು. ಹೀಗೆ ಇಂದು ಒಬ್ಬನ ಹೊಲ, ನಾಳೆ ಇನ್ನೊಬ್ಬನದು. ಎಲ್ಲರೂ ಎಲ್ಲರ ಸುಗ್ಗಿ ಮಾಡಿ, ಸಂಜೆ ಬಯಲಿಗೆ ಬಂದು ಓಡುತ್ತಿದ್ದರು. ಹೋದ ವರ್ಷ ನಡೆದದ್ದೂ ಇದೇ.

“ನನಗೊಂದು ಮಾತು ಹೇಳಬಾರದೇನ್ರಲೇ?”

“ಹೇಳಿದ್ರ ಪ್ರಾಕ್ಟೀಸಿಗೆ ಬರಬ್ಯಾಡ್ರಿ ಅಂತಿದ್ರಿ,” ಎಂದ ಕೊಟ್ರೇಶ.

ನಿಯಾಜ ಬೈಯಲಿಲ್ಲ. ಮರುದಿನದಿಂದ ಲೆಕ್ಕವನ್ನೇ ತಿರುವಿ ಹಾಕಿದರು. ತೆನೆ ಮುರಿದ ದಿನ ಓಟವಿಲ್ಲ, ನಿಂತಲ್ಲೇ ಚೆಂಡು ಸಾಗಿಸುವುದಷ್ಟೇ. ಹೊಲವಿಲ್ಲದ ದಿನ ಚೆನ್ನಾಗಿ ಓಟ. ಉಳಿದ ಹೊಲಗಳ ಕೆಲಸವನ್ನು ಪಂದ್ಯ ಮುಗಿಯುವ ತನಕ ಮುಂದೂಡಿರೆಂದು ಮನೆಮನೆಗೆ ಹೋಗಿ ಕೇಳಿಕೊಂಡರು. ಪಂದ್ಯದ ವಾರದಲ್ಲಿ ನಾಲ್ಕಾರು ಚುರುಕಿನ ಓಟ ಮುಗಿಸಿ, ಹೊತ್ತು ಮುಳುಗುವ ಮೊದಲೇ ಕಳಿಸಿಬಿಡುತ್ತಿದ್ದರು. ಹುಡುಗರು ಬೆವರದೆ ಮನೆಗೆ ಹೋಗುವುದನ್ನು ನೋಡಿದರೆ ಅವರಿಗೇ ಕಳ್ಳತನ ಮಾಡಿದ ಹಾಗೆ ಅನಿಸುತ್ತಿತ್ತು.

ಶಿಗ್ಗಾವಿಯಲ್ಲಿ ಮತ್ತೆ ಹಿರೇಕೆರೂರೇ ಎದುರಾಯಿತು. ಈ ಸಲ ವಿರಾಮಕ್ಕೆ ಸವಣೂರು ಒಂದು ಗೋಲು ಹಿಂದಿತ್ತು. ನಿಯಾಜ ಗೋಲಿನ ಕಡೆ ನೋಡಲಿಲ್ಲ, ಹುಡುಗರ ಕಾಲುಗಳನ್ನೇ ನೋಡುತ್ತ ನಿಂತರು. ಆಟ ಮುಗಿಯುವ ಹೊತ್ತಿಗೆ ಕೊಟ್ರೇಶ ತನ್ನ ಅರ್ಧದಿಂದ ಚೆಂಡು ಹಿಡಿದು ಹೊರಟ. ಬೆನ್ನಟ್ಟಿದ ಹಿರೇಕೆರೂರಿನವನು ನಡುವೆಯೇ ನಿಂತುಬಿಟ್ಟ. ಕೊಟ್ರೇಶ ಕೊಟ್ಟ ಚೆಂಡನ್ನು ಇಮ್ರಾನ ಒಳಗೆ ತಳ್ಳಿದ. ಪಂದ್ಯ ಸಮ ಆಯಿತು.

“ಗೆದ್ದೇನೂ ಬರಲಿಲ್ಲಲ್ರಿ,” ಎಂದರು ಪೇಟೆಯವರು. “ನಮ್ಮ ಹುಡುಗ್ರು ಯಾರರ ನಿಂತಿದ್ರೇನ್ರಿ? ಅಷ್ಟ ಹೇಳ್ರಿ,” ಎಂದು ನಿಯಾಜ ಎಲೆ ಎಣಿಸಿದರು. ಕೋಚಿಂಗ್ ಬಿಡುವ ಮಾತು ಮತ್ತೆ ಬರಲಿಲ್ಲ.

ಮುಂದಿನ ಪಂದ್ಯ ಹಾನಗಲ್ಲಿನಲ್ಲಿ. ಅದರ ತಯಾರಿಗೆಂದು ನಿಯಾಜ ಮೊದಲು ಹೋದದ್ದು ಗೋಲ್‌ಕೀಪರ್‌ನ ತಂದೆ ಗುತ್ತೆಪ್ಪನವರ ಹೊಲಕ್ಕೆ. ತೆನೆಯೊಂದನ್ನು ಸುಲಿದು ಕಾಳಿಗೆ ಉಗುರು ಒತ್ತಿ ನೋಡಿದರು.

“ಇನ್ನೂ ಹಸಿ ಐತ್ರಿ ಚಾಚಾ. ಒಂದ್ ವಾರ ಒಣಗಬೇಕು,” ಎಂದರು ಗುತ್ತೆಪ್ಪ.

“ಹಂಗಾದ್ರ ಒಂದ್ ವಾರ ಓಡಸ್ತೇನಿ.”