ಸಮುದ್ರಕ್ಕೆ ಉಡಿ ತುಂಬಿದ್ದು

ಬೀಜದ ಕಂಪನಿಯೊಂದು ಹೆಚ್ಚು ಮೆಕ್ಕೆಜೋಳದ ಬೀಜ ಮಾರಿದ ಅಂಗಡಿಯವರನ್ನು ಶ್ರೀಲಂಕಾಕ್ಕೆ ಕರೆದೊಯ್ದಾಗ ನಾನೂ ಹೋಗಿದ್ದೆ. ತಂಬ್ರಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಅಂಗಡಿಯಿದೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳೇ ನಡೆಸುತ್ತಾಳೆ. ಆ ವರ್ಷ ನಮ್ಮ ಸುತ್ತಿನ ಐದು ತಾಲ್ಲೂಕುಗಳಲ್ಲಿ ಅವಳಷ್ಟು ಚೀಲ ಮಾರಿದವರು ಯಾರೂ ಇರಲಿಲ್ಲ. ಉಳಿದವರೆಲ್ಲ ಹೆಂಡತಿಯರ ಜೊತೆ ಹೊರಟ ಗಂಡಸರು. ಚಿಕ್ಕಮ್ಮನ ಎರಡನೆಯ ಟಿಕೆಟ್ ನನ್ನ ಪಾಲಿಗೆ ಬಂತು.

ಅವಳ ಆಸೆ ಒಂದೇ, ಸಮುದ್ರಕ್ಕೆ ಉಡಿ ತುಂಬಬೇಕು. ನಮ್ಮ ಕಡೆ ಹೊಳೆಗೆ ಹೋದ ಹೆಂಗಸರು ಗಂಗಮ್ಮನಿಗೆಂದು ಅರಿಸಿನ, ಕುಂಕುಮ, ಬಳೆ, ರವಿಕೆಯ ಬಟ್ಟೆ, ತೆಂಗಿನಕಾಯಿ ಇಟ್ಟು ನೀರಿಗೆ ಬಿಡುತ್ತಾರೆ. ಗಂಡ ಸತ್ತವರು ದಂಡೆಯ ಮೇಲೆ ಚೀಲ ಹಿಡಿದು ನಿಲ್ಲಬೇಕು. ಚಿಕ್ಕಮ್ಮ ಬಹಳ ವರ್ಷಗಳಿಂದ ಚೀಲ ಹಿಡಿದೇ ನಿಂತಿದ್ದಾಳೆ.

"ಅಲ್ಲಿ ಯಾರು ನೋಡ್ತಾರ, ನಾನ ತುಂಬ್ತೀನಿ" ಎಂದು ಹೊರಡುವಾಗಲೇ ಹೇಳಿದ್ದಳು. ನೋಡುವವರೆಲ್ಲ ಅಲ್ಲಿಯೂ ನಮ್ಮ ಬಸ್ಸಿನಲ್ಲೇ ಕೂತಿರುತ್ತಾರೆಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಮೊದಲೆರಡು ದಿನ ಬೆಟ್ಟದ ಸೀಮೆ. ಚಹಾ ತೋಟ, ಜಲಪಾತ, ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಇಳಿದ ತರಕಾರಿ ಮಡಿಗಳು. ನಮ್ಮವರು ಬಸ್ಸಿನಲ್ಲಿ ಪರದೆ ಎಳೆದುಕೊಂಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಕೊಟ್ಟೂರಿನವರೊಬ್ಬರು ಕಿಟಕಿಯಿಂದ ಒಮ್ಮೆ ಇಣುಕಿ, "ನಮ್ಮ ಗುಡೇಕೋಟಿ ಗುಡ್ಡಕ್ಕ ಹಸರು ಬಣ್ಣ ಹೊಡದಂಗ ಐತಿ. ಇದಕ್ಕ ಇಷ್ಟು ದೂರ ಬರಬೇಕಿತ್ತೇನ್ರಿ?" ಎಂದು ಮತ್ತೆ ರೊಟ್ಟಿ ಮುರಿದರು. ನಾನು ದಿನಚರಿಯಲ್ಲಿ ತಾರೀಕು ಹಾಕಿ, ಯಾರಾದರೂ "ನಮ್ಮಲ್ಲೇ ಐತಿ" ಅಂದಾಗಲೆಲ್ಲ ಒಂದು ಗೀಟು ಎಳೆಯುತ್ತಿದ್ದೆ. ಎರಡನೆಯ ದಿನ ಪುಟ ತುಂಬಿತು, ಬಿಟ್ಟುಬಿಟ್ಟೆ. ಚಹಾ ಕೀಳುವ ಹೆಂಗಸರ ಬುಟ್ಟಿಗಳನ್ನು ಇಸಿದುಕೊಂಡು ನಮ್ಮ ಹೆಂಗಸರು ಸರದಿಯ ಮೇಲೆ ಫೋಟೊ ಹೊಡೆಸಿಕೊಂಡರು. ಬುಟ್ಟಿಯ ಒಡತಿಯರು ಕೆಲಸ ಬಿಟ್ಟು ಬಿಸಿಲಲ್ಲಿ ಕಾಯುತ್ತಿದ್ದರು. ಅವರಿಗೆ ಒಂದು ತುಂಡು ರೊಟ್ಟಿ ಕೊಡಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸಮುದ್ರ. ಹಡಗಲಿಯ ಹಿರಿಯ ಅಂಗಡಿಕಾರರ ಹೆಂಡತಿ ಥರ್ಮಾಕೋಲ್ ಡಬ್ಬಿಯಿಂದ ಬಾಡಿದ ಮಲ್ಲಿಗೆ ತೆಗೆದು ಮುತ್ತೈದೆಯರಿಗೆ ಮಾತ್ರ ಹಂಚಿದಳು. ಚಿಕ್ಕಮ್ಮ ತನ್ನ ಉಡಿಯ ಸಾಮಾನು ಬಿಚ್ಚುತ್ತಿದ್ದುದನ್ನು ಕಂಡು ಅವಳ ಬಳಿ ಬಂದಳು.

"ಯಕ್ಕಾ, ನೀವು ಹಿಂದಕ್ಕ ನಿಂದರ್ರಿ. ಶುಭಕಾರ್ಯ ನೋಡ್ರಿ ಇದು. ನಿಮಗ ಗೊತ್ತಿಲ್ಲದ್ದೇನೈತಿ."

ಚಿಕ್ಕಮ್ಮ ಹಿಂದೆ ಸರಿದಳು. ಗಂಡನ ಟಿಕೆಟ್ಟಿನ ಮೇಲೆ ಬಂದವಳು ಸ್ವಂತ ದುಡಿಮೆಯ ಮೇಲೆ ಬಂದವಳನ್ನು ಹಿಂದೆ ನಿಲ್ಲಿಸಿದಳು!

ಹೆಂಗಸರು ಹೊಳೆಯ ದಂಡೆಯಲ್ಲಿ ಮಾಡುವಂತೆ ಮರಳಿನ ಅಂಚಿಗೆ ಕೂತು ಉಡಿಯ ಸಾಮಾನುಗಳನ್ನು ನೀರಿಗೆ ಬಿಟ್ಟು ಕೈಮುಗಿದರು. ತುಂಗಭದ್ರೆಯಾಗಿದ್ದರೆ ಎಲ್ಲ ಹರಿದು ಹೋಗುತ್ತಿತ್ತು. ಇಲ್ಲಿ ಒಂದು ತೆರೆ ಬಂದು ಎಲ್ಲವನ್ನೂ ಅವರ ಕಾಲ ಬುಡಕ್ಕೇ ತಂದು ಹಾಕಿತು. ಮತ್ತೆ ಬಿಟ್ಟರು, ಮತ್ತೆ ಬಂತು. ಒಂದು ತೆಂಗಿನಕಾಯಿ ಹಡಗಲಿಯಾಕೆಯ ಮೊಣಕಾಲಿಗೆ ಬಡಿಯಿತು.

"ಗಂಗವ್ವ ಒಲ್ಲೆ ಅಂದ್ಲಲ್ಲೇ ನಮ್ಮವ್ವ!" ಎಂದು ಒಬ್ಬಳು ಅಳತೊಡಗಿದಳು. ಹಡಗಲಿಯಾಕೆ ತಿರುಗಿ ಚಿಕ್ಕಮ್ಮನನ್ನು ನೋಡಿದಳು. "ಆಗಬಾರದವ್ರ ನೆಳ್ಳು ಬಿದ್ರ ಇನ್ನೇನಾಗತೈತಿ?"

ನಮ್ಮ ಗೈಡ್ ತನಗೆ ಬರುವ ಹಿಂದಿಯಲ್ಲಿ, ಈಗ ನೀರು ಏರುವ ಹೊತ್ತು, ಮಧ್ಯಾಹ್ನದ ಮೇಲೆ ಇಳಿಯುತ್ತದೆ, ಆಗ ಬಿಟ್ಟರೆ ಒಳಗೆ ಹೋಗುತ್ತದೆ ಎಂದ. ಯಾರೂ ಕಿವಿಗೊಡಲಿಲ್ಲ. ನೆರಳಿನ ಮಾತು ನಂಬಲು ಅವರಿಗೆ ಹೆಚ್ಚು ಸುಲಭವಾಗಿತ್ತು. ರತ್ನದ ಹರಳಿನ ಅಂಗಡಿ ನೋಡುವುದಿದೆಯೆಂದು ಎಲ್ಲರೂ ಬಸ್ ಹತ್ತಿದರು.

ಚಿಕ್ಕಮ್ಮ ಮಾತ್ರ ಮರಳಿನ ಮೇಲೆ ಕೂತಳು. "ನೀವು ಹೋಗಿ ಬರ್ರಿ. ನಾನು ಇಲ್ಲೇ ಇರ್ತೀನಿ."

"ಏನವಾ, ನಿನಗೋಸ್ಕರ ಬಸ್ಸು ತಿರುಗಿ ಬರಬೇಕೇನು?" ಹಡಗಲಿಯ ಹಿರಿಯರು ಕಿಟಕಿಯಿಂದ ಗದರಿದರು.

"ನಾ ಮಾರಿದ ಬೀಜದ ಚೀಲದ ಲೆಕ್ಕ ತೆಗೆದ್ರ ಬಸ್ಸಿನ್ಯಾಗ ಅರ್ಧ ಸೀಟು ಖಾಲಿ ಆಗ್ತಾವ್ರಿ. ಬರ್ತೈತಿ ತಗೋರಿ."

ನಾವಿಬ್ಬರೂ ತೆಂಗಿನ ಮರದ ಕೆಳಗೆ ಕಾದೆವು. ನೀರು ಇಳಿಯಲು ಶುರುವಾದಾಗ ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದಳು. ನಾನು ಚೀಲ ಹಿಡಿಯಲು ಹೋದರೆ ಕೊಡಲಿಲ್ಲ. ಬಳೆ, ಬಟ್ಟೆ, ಕಾಯಿ ಬಿಟ್ಟಳು. ಮೊದಲು ಹಿಂದಕ್ಕೆ ಬಂತು. ಇನ್ನೆರಡು ಹೆಜ್ಜೆ ಮುಂದೆ ಹೋಗಿ ಬಿಟ್ಟಳು. ತೆಂಗಿನಕಾಯಿ ತೇಲುತ್ತ ದೂರವಾಗಿ ತೆರೆಯ ಆಚೆ ಮರೆಯಾಯಿತು. ಅವಳು ಕೈಮುಗಿಯಲಿಲ್ಲ.

ಬಸ್ಸು ತಿರುಗಿ ಬಂದಾಗ ಹಡಗಲಿಯಾಕೆ ಇಳಿದು, ಮರಳಿನಲ್ಲಿ ಬಿದ್ದಿದ್ದ ತನ್ನ ಕಾಯಿಯನ್ನು ಎತ್ತಿಕೊಂಡು ಮೆಲ್ಲಗೆ ಬಂದಳು.

"ಗಂಗವ್ವ ತಗೊಂಡ್ಲೇನ್ರೀ ಯಕ್ಕಾ?"

"ತಗೊಂಡ್ಲು."

"ಹಂಗಾರ ನಮ್ಮದೂ ಒಂದು ನೀವ ಒಳಗ ಹೋಗಿ ಬಿಟ್ಟು ಬರ್ರಿ. ನನಗ ತೆರಿ ಅಂದ್ರ ಅಂಜಿಕಿ."

ಚಿಕ್ಕಮ್ಮ ಸೀರೆಯ ನೆರಿಗೆ ಹಿಂಡುತ್ತ ಅವಳ ಮುಖ ನೋಡಿದಳು.

"ಅಯ್ಯ, ನಾ ಮುಟ್ಟಿದ್ರ ಹೆಂಗ ನಡೀತೈತಿ? ನೀವ ಇಳೀರಿ."

ಹಡಗಲಿಯಾಕೆ ಕಾಯಿ ಹಿಡಿದುಕೊಂಡು ಅಲ್ಲೇ ನಿಂತಳು. ಬಸ್ಸಿನಿಂದ ಅವಳ ಗಂಡ ಕೂಗುತ್ತಿದ್ದರು. ಚಿಕ್ಕಮ್ಮ ಒದ್ದೆ ಸೀರೆಯಲ್ಲೇ ಹತ್ತಿ, ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕೂತಳು.