ಮದುವೆಯ ಬದಲು ಬದನೆಕಾಯಿ

ಮೊನ್ನೆ ಮೊಮ್ಮಗಳು ಗೆಳತಿಗೆ ಕಳುಹಿಸಬೇಕಾದ ಚಿತ್ರವನ್ನು ನನ್ನ ಮೊಬೈಲಿಗೆ ಕಳುಹಿಸಿ, ನಾನು ಕನ್ನಡಕ ಏರಿಸುವಷ್ಟರಲ್ಲಿ ಅಳಿಸಿಬಿಟ್ಟಳು. ಹೋದದ್ದನ್ನು ಹಿಂದಕ್ಕೆ ಕರೆಯುವುದು ಇಷ್ಟು ಸುಲಭವೇ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಖಾಸಗಿ ಚಾನೆಲ್‌ಗಳು ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ನಾನು ಇಂದಿರಾನಗರದ ಒಂದು ಚಾನೆಲ್ ಕಚೇರಿಯಲ್ಲಿ ಕ್ಯಾಸೆಟ್ ಕಳುಹಿಸುವ ಕೆಲಸದಲ್ಲಿದ್ದೆ. ಪ್ರಸಾರ ನಡೆಯುತ್ತಿದ್ದದ್ದು ಹೊರದೇಶದಿಂದ. ಕಾರ್ಯಕ್ರಮ, ಜಾಹೀರಾತು ಎಲ್ಲವೂ ವಾರ ಮೊದಲೇ ವಿಮಾನ ಹತ್ತಬೇಕು. ನೀವು ನಗಬಹುದು, ಪಕ್ಕದ ಹಲಸೂರಿನ ಮನೆಗಳನ್ನು ತಲುಪಲು ನಾವು ಸಮುದ್ರ ದಾಟುತ್ತಿದ್ದೆವು. ಸರಿಯಾಗಿ ಮೂರು ಗಂಟೆಗೆ ಪೆಟ್ಟಿಗೆಗೆ ಅರಗಿನ ಸೀಲು. ಒತ್ತಿದ ಸೀಲು ಒಡೆಯಬಾರದೆಂಬುದು ನಾನೇ ಮಾಡಿದ ಕಾನೂನು. ಅದಕ್ಕೆ ಮ್ಯಾನೇಜರೂ ಹೆದರುತ್ತಿದ್ದರು.

ಒಂದು ದಿನ ಸೀಲಾದ ಮೇಲೆ ಕೆ.ಆರ್. ಪುರದಿಂದ ಒಬ್ಬ ಹುಡುಗಿ ಓಡಿಬಂದಳು. ನಮ್ಮ ಶುಭಾಶಯ ಕಾರ್ಯಕ್ರಮದಲ್ಲಿ ಅವಳ ಮದುವೆಗೆ ಹಾರೈಕೆ ಹಾಕಿಸಿದ್ದವರು ಅವಳ ಚಿಕ್ಕಪ್ಪ.

“ಮೇಡಂ, ಅದು ಹೋಗ್ಬಾರ್ದು. ಆ ಹುಡುಗ ಬೇಡ ಅಂತ ಬಾಯ್ಬಿಟ್ಟು ಹೇಳಿದೀನಿ. ಟಿವಿಲಿ ಹೆಸರು ಬಂದ್ಬಿಟ್ರೆ ತೆಪ್ಪಗೆ ಒಪ್ಕೋತಾಳೆ ಅಂತ ಚಿಕ್ಕಪ್ಪ ಕಾಯ್ತಾ ಇದಾರೆ.”

ಆಗೆಲ್ಲ ಟಿವಿಯಲ್ಲಿ ಬಂದ ಮಾತು ನಿಶ್ಚಿತಾರ್ಥಕ್ಕಿಂತ ಗಟ್ಟಿ. ಅದು ನನಗೂ ಗೊತ್ತಿತ್ತು. ಆದರೂ, “ಸೀಲಾಗಿದೆಯಮ್ಮಾ” ಎಂದೆ.

ಪೆಟ್ಟಿಗೆ ಒಯ್ಯಲು ಬಂದಿದ್ದ ಶಿವಾಜಿನಗರದ ಆಟೋ ರಫೀಕ್ ಭಾಯಿ ಸುಮ್ಮನಿರಲಿಲ್ಲ. “ಅರೇ, ಒಡೀರಿ ಮೇಡಂ. ಸೀಲ್ ಇನ್ನೊಂದು ಹಾಕ್ಬೋದು. ವಿಮಾನ ಹಿಡ್ಸೋದು ನಂಗ್ ಬಿಡಿ.”

ಒಡೆದೆ. ಶುಭಾಶಯದ ಇಡೀ ಕ್ಯಾಸೆಟ್ಟನ್ನೇ ತೆಗೆದು, ಆಪತ್ತಿಗೆಂದು ಬೀರುವಿನಲ್ಲಿಟ್ಟಿದ್ದ ಅಡುಗೆಯ ಕ್ಯಾಸೆಟ್ ಒಳಗಿಟ್ಟೆ. ರಫೀಕ್ ಭಾಯಿ ಹೇಳಿದಂತೆಯೇ ವಿಮಾನ ಹಿಡಿಸಿದರು. ಪಾಪ, ಅದೇ ಕ್ಯಾಸೆಟ್ಟಿನಲ್ಲಿದ್ದ ಉಳಿದವರ ಹುಟ್ಟುಹಬ್ಬಗಳು ವಾರ ತಡವಾದವು.

ಪ್ರಸಾರದ ಮರುದಿನ ಚಿಕ್ಕಪ್ಪ ಬಂದರು. “ಏನ್ರೀ ಇದು! ಮದ್ವೆ ಹಾಕ್ಸಿದ್ರೆ ಬದ್ನೆಕಾಯಿ ತೋರಿಸ್ತೀರಾ? ಬೀದಿಯವ್ರನ್ನೆಲ್ಲ ಕರೆದು ಕೂರ್ಸಿದ್ದೆ!”

ಮ್ಯಾನೇಜರು ನನ್ನತ್ತ ತಿರುಗಿದರು. ನಾನು ತಲೆ ತಗ್ಗಿಸಿ, “ನನ್ನದೇ ತಪ್ಪು ಸಾರ್. ಕ್ಯಾಸೆಟ್ ಅದಲುಬದಲಾಯ್ತು” ಎಂದೆ.

ಕೆಲವು ದಿನಗಳ ಬಳಿಕ ಹುಡುಗಿಯ ಫೋನು ಬಂತು. “ಮದ್ವೆ ಬಿಟ್ರು ಮೇಡಂ.” ಅಷ್ಟೇ ಹೇಳಿದಳು. ನಾನು ಕುರ್ಚಿಗೊರಗಿ ಒಂದು ಲೋಟ ನೀರು ಕುಡಿದೆ.

ಇಡೀ ನೌಕರಿಯಲ್ಲಿ ನನ್ನ ಹೆಸರಿಗಂಟಿದ ತಪ್ಪು ಅದೊಂದೇ. ಬೀಳ್ಕೊಡುಗೆಯ ಭಾಷಣದಲ್ಲೂ ಅದನ್ನೇ ನೆನೆದು ನಕ್ಕರು. ನಾನು ಬಾಯಿ ಬಿಡಲಿಲ್ಲ. ಇವತ್ತು ನಿಮ್ಮೆದುರು ನಿಜ ಹೇಳಿದ್ದಾಯಿತು. ಅನ್ನಕ್ಕಿಡುವ ಹೊತ್ತು ಮೀರಿ ಅರ್ಧ ಗಂಟೆಯಾಗಿದೆ. ಇರಲಿ, ಇನ್ನೂ ಸ್ವಲ್ಪ ಹೊತ್ತು ಹೀಗೇ ಕೂತಿರುತ್ತೇನೆ.