ಸ್ವಿಚ್ ಒತ್ತುವ ಮುನ್ನ

ಮೊನ್ನೆ ಚಟ್ನಿಗೆ ಕಾಯಿ ರುಬ್ಬುವಾಗ ಮಿಕ್ಸಿ ಸುಟ್ಟುಹೋಯಿತು. ಮೋಟಾರಿನ ತಂತಿಗೆ ಬಳಿದ ವಾರ್ನಿಷ್ ಕರಕಲಾದ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಮಾತ್ರ ಉಸಿರೆಳೆದುಕೊಂಡೆ... ಅದು ನಮ್ಮ ಸರ್ ಇದ್ದ ಲ್ಯಾಬಿನ ವಾಸನೆ.

ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು ಅರವತ್ತರ ದಶಕದಲ್ಲಿ ನಮಗೆ ಔರಂಗಾಬಾದ್. ಅಪ್ಪ ನಾಸಿಕದ ಪಂಚವಟಿಯಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದರು. ನನ್ನನ್ನು ಔರಂಗಾಬಾದಿಗೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಲು ಕಳಿಸಿದಾಗ ನೆಂಟರೆಲ್ಲ ಹುಬ್ಬೇರಿಸಿದರು. ಇಡೀ ತರಗತಿಗೆ ನಾನೊಬ್ಬಳೇ ಹುಡುಗಿ. ಲ್ಯಾಬಿನ ಪ್ರೊಫೆಸರು, ಅಂದರೆ ನಮ್ಮ ಸರ್, ಧಾರವಾಡದ ಕಡೆಯವರು. ಮೊದಲ ದಿನವೇ ನನ್ನ ಕೈಬಳೆ ನೋಡಿ, "ಬಳಿ ತಗದಿಡವ್ವಾ. ಕರೆಂಟಿಗೆ ಗಂಡು ಹೆಣ್ಣು ಗೊತ್ತಾಗಂಗಿಲ್ಲ" ಅಂದರು. ಪರವೂರಿನಲ್ಲಿ ಕನ್ನಡ ಕೇಳಿದ್ದಕ್ಕೋ ಏನೋ, ನನಗೆ ಅಳು ಬಂತು.

ಅವರದೊಂದು ಪದ್ಧತಿಯಿತ್ತು. ಯಂತ್ರ ಚಾಲೂ ಮಾಡುವ ಮುನ್ನ, ಕೈ ಎಲ್ಲಿ ಎನ್ನುವ ಅರ್ಥದಲ್ಲಿ, ಮರಾಠಿಯಲ್ಲಿ "ಹಾತ್?" ಎಂದು ಕೂಗುತ್ತಿದ್ದರು. ಲ್ಯಾಬಿನಲ್ಲಿದ್ದ ಪ್ರತಿಯೊಬ್ಬರೂ ಎರಡೂ ಕೈ ಎತ್ತಿ ತೋರಿಸಬೇಕು. ಒಬ್ಬನ ಕೈ ಕಾಣದಿದ್ದರೂ ಸ್ವಿಚ್ ಒತ್ತುತ್ತಿರಲಿಲ್ಲ. ಹುಡುಗರು ಬೆನ್ನ ಹಿಂದೆ "ಪೊಲೀಸ್ ಸರ್" ಎಂದು ನಗುತ್ತಿದ್ದರು, ನಾನೂ ನಕ್ಕವಳೇ. ಅವರ ಎಡಗೈಯ ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ...

ನನ್ನ ಕೊನೆಯ ವರ್ಷ ಹೊಸ ಲ್ಯಾಬಿನ ಉದ್ಘಾಟನೆ. ರಜೆಯಲ್ಲೂ ಬಿಸಿಲಲ್ಲಿ ನಿಂತು ಅದನ್ನು ಕಟ್ಟಿಸಿದವರು ಅವರೇ. ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಿತ್ತು, ಅದು ಅವರಿಗೇ ಎಂದು ಎಲ್ಲರೂ ಹೇಳುತ್ತಿದ್ದರು. ಹುದ್ದೆ ಕೊಡಬೇಕಾದವರೇ ಅಂದಿನ ಮುಖ್ಯ ಅತಿಥಿ. ಅವರು ಜನರೇಟರಿನ ಗುಂಡಿಯ ಮೇಲೆ ಬೆರಳಿಟ್ಟರು. ಸರ್ "ಹಾತ್?" ಎಂದರು. ನಾವೆಲ್ಲ ಕೈ ಎತ್ತಿದೆವು. ಜನರೇಟರಿನ ಹಿಂದೆ ಕೆಲಸಕ್ಕಿದ್ದ ಫಿಟ್ಟರನ ಕೈ ಮಾತ್ರ ಕಾಣಲಿಲ್ಲ. ಅತಿಥಿಗಳಿಗೆ ಅವಸರ. ಅವರು ಒತ್ತುವಷ್ಟರಲ್ಲಿ ಸರ್ ಆ ಅತಿಥಿಗಳ ಮಣಿಕಟ್ಟನ್ನೇ ಹಿಡಿದುಬಿಟ್ಟರು!

ಹಿಂದೆ ಹೋಗಿ ನೋಡಿದರೆ ಯಾರೂ ಇರಲಿಲ್ಲ. ಫಿಟ್ಟರ್ ಚಹಾ ಕುಡಿಯಲು ಹೋಗಿದ್ದ. ಯಾರೋ ಕಿಸಕ್ಕೆಂದರು. ಅತಿಥಿಗಳು ಮುಖ ಕೆಂಪಗೆ ಮಾಡಿಕೊಂಡು ಹೊರಟೇಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುದ್ದೆ ಬೇರೆಯವರ ಪಾಲಾಯಿತು.

ನನಗೆ ತಡೆಯಲಾಗಲಿಲ್ಲ. "ಅಲ್ಲಿ ಯಾರೂ ಇರ್ಲೇ ಇಲ್ವಲ್ಲ ಸರ್" ಎಂದೆ.

"ಇರಲಿಲ್ಲ ಅಂತ ಈಗ ಗೊತ್ತಾತವ್ವಾ. ಆಗ ಗೊತ್ತಿತ್ತೇನು?"

ಅವರು ಕೊನೆಗೂ ಮುಖ್ಯಸ್ಥರಾಗಲಿಲ್ಲ. ಪಾಠ ಮಾಡುತ್ತಲೇ ನಿವೃತ್ತರಾಗಿ ನಾಸಿಕಕ್ಕೆ ಬಂದು ನೆಲೆಸಿದರು. ತೀರಿಕೊಂಡಾಗ, ಹೆಂಗಸರು ಸ್ಮಶಾನಕ್ಕೆಲ್ಲ ಹೋಗಬಾರದೆಂದು ಮನೆಯವರು ಅಂದರು, ಆದರೂ ನಾನು ಹೋದೆ. ವಿದ್ಯುತ್ ಚಿತಾಗಾರದಲ್ಲಿ ಹಳೆಯ ವಿದ್ಯಾರ್ಥಿಗಳು ಒಂದಷ್ಟು ಜನ ಸೇರಿದ್ದೆವು, ಎಲ್ಲರದೂ ನರೆತ ತಲೆ. ಅಲ್ಲಿನ ನೌಕರ ಸ್ವಿಚ್ಚಿನ ಬಳಿ ಹೋದ. ಹಿಂದಿನಿಂದ ಯಾರದೋ ದನಿ: "ಹಾತ್?"

ನಾವೆಲ್ಲ ಕೈ ಎತ್ತಿದೆವು. ಆ ನೌಕರನಿಗೆ ಏನು ತಿಳಿಯಿತೋ... ನಮ್ಮನ್ನೆಲ್ಲ ಒಮ್ಮೆ ನೋಡಿ, ತಾನೂ ಕೈ ಎತ್ತಿ, ಆಮೇಲೆ ಒತ್ತಿದ.

ಮಿಕ್ಸಿ ಇವತ್ತು ರಿಪೇರಿಯಾಗಿ ಬಂತು. ಬಳೆ ತೆಗೆದಿಟ್ಟು, ಸ್ವಿಚ್ಚಿನ ಮೇಲೆ ಬೆರಳಿಟ್ಟು, "ಹಾತ್?" ಎಂದೆ. ಆ ಮಾತು ಇನ್ನು ಅವರ ಬಾಯಿಂದ ಕೇಳುವುದಿಲ್ಲವಲ್ಲ ಎಂದು ಸಂಕಟವಾಯಿತು. ಸೊಸೆ ಪೇಟೆಗೆ ಹೋಗಿದ್ದಳು. ಮನೆಯಲ್ಲಿ ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ಒಳಗೆಲ್ಲ ಒಂದು ಸುತ್ತು ಹೋಗಿ, ನೋಡಿ ಬಂದೆ.